ಕೊಡಗಿನಲ್ಲಿ ಎಚ್‌ಐವಿ ಕಡಿಮೆಯಾ, ಪರೀಕ್ಷೆ ಕಡಿಮೆಯಾ?

ಡಿಸೆಂಬರ್ 1, ವಿಶ್ವ ಏಡ್ಸ್ ದಿನ ಬಂತೆಂದರೆ ಜಾಥಾ, ಕೆಂಪು ರಿಬ್ಬನ್, ಭಾಷಣ. ಅದೆಲ್ಲ ಮುಗಿದು ಚಹಾ ಕುಡಿಯುವಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ನಮ್ಮ ಕೊಡಗಲ್ಲಿ ಅಂಥದ್ದೆಲ್ಲ ಕಡಿಮೆ ಮಾರಾಯ್ರೆ, ಅದೇನಿದ್ರೂ ಬೆಳಗಾವಿ, ಬಾಗಲಕೋಟೆ ಕಡೆ." ಈ ನೆಮ್ಮದಿ ನನಗೆ ಹಿಡಿಸುವುದಿಲ್ಲ.

ಊರಿಂದೂರಿಗೆ ವ್ಯತ್ಯಾಸ ಇರುವುದು ಸುಳ್ಳಲ್ಲ. ದೇಶದ ವಯಸ್ಕರಲ್ಲಿ ಸುಮಾರು ಶೇ 0.2ರಷ್ಟು ಜನರಿಗೆ ಸೋಂಕಿದೆ ಎಂಬುದು ಸರ್ಕಾರದ ಅಂದಾಜು. ಮಿಜೋರಾಂನಲ್ಲಿ ಅದು ಶೇ 2.5ನ್ನೂ ದಾಟುತ್ತದೆ. ಕರ್ನಾಟಕದ್ದು ಎಷ್ಟೋ ಇಳಿದಿದೆ, ಆದರೂ ರಾಷ್ಟ್ರೀಯ ಸರಾಸರಿಗಿಂತ ಈಗಲೂ ಮೇಲೆಯೇ. ಈಶಾನ್ಯದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವ ಸೂಜಿಯಿಂದಲೂ ಬಹಳ ಹರಡಿದೆ, ನಮ್ಮ ಕಡೆ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ.

ಆದರೆ "ಹೊಸದಾಗಿ ಪತ್ತೆಯಾದವರು" ಅನ್ನುವ ಲೆಕ್ಕದಲ್ಲಿ ಬರುವುದು ಪರೀಕ್ಷೆ ಮಾಡಿಸಿಕೊಂಡವರು ಮಾತ್ರ. ನಮ್ಮಂಥ ಸಣ್ಣ ಊರಲ್ಲಿ ಆ ಬಾಗಿಲು ತಟ್ಟುವುದು ಸುಲಭವಾ? ಆಸ್ಪತ್ರೆಯ ಕಾರಿಡಾರಿನಲ್ಲಿ ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆಯ ಕೇಂದ್ರ) ಬೋರ್ಡಿನ ಕೆಳಗೆ ನಿಂತ ಎರಡೇ ನಿಮಿಷಕ್ಕೆ, ಬಿಪಿ ಮಾತ್ರೆಗೆ ಬಂದ ಪಕ್ಕದ ತೋಟದವರು "ಏನು, ಇಲ್ಲಿ ನಿಂತಿದ್ದೀರಿ?" ಅಂತಾರೆ. ಅಲ್ಲಿಗೆ ಮುಗಿಯಿತು. ಕೈಯಲ್ಲಿ ಕಾಸಿದ್ದವರು ಮೈಸೂರು ಬಸ್ ಹತ್ತುತ್ತಾರೆ. ಇಲ್ಲದವರು ಜ್ವರ, ಕೆಮ್ಮು ಜೋರಾಗುವವರೆಗೆ ಸುಮ್ಮನಿರುತ್ತಾರೆ.

ಗರ್ಭಿಣಿಯರ ಕಥೆ ಬೇರೆ. ತಪಾಸಣೆಗೆ ಬಂದಾಗಲೇ ರಕ್ತ ಪರೀಕ್ಷೆ ಆಗುತ್ತದೆ. ಅದು ಒಳ್ಳೆಯದೇ, ಔಷಧಿ ಬೇಗ ಶುರುವಾದರೆ ಮಗುವಿಗೆ ಸೋಂಕು ತಗಲುವುದನ್ನು ಬಹುಪಾಲು ತಪ್ಪಿಸಬಹುದು. ಆದರೆ ಗಂಡ? "ನನಗೇನಾಗಿದೆ" ಅಂತ ಹೊರಗೆ ಬೀಡಿ ಹಚ್ಚುತ್ತಾನೆ. ಮೊದಲು ಗೊತ್ತಾಗಿದ್ದು ಅವಳಿಗೆ, ಹಾಗಾಗಿ ತಂದವಳೂ ಅವಳೇ! ಎಷ್ಟು ಮನೆಗಳಲ್ಲಿ ಈ ತೀರ್ಪು ನಡೆದಿದೆಯೋ.

ಇನ್ನು ಲೈನ್ ಮನೆಗಳು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳು. ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರು ಕೊಯ್ಲು ಮುಗಿದರೆ ಇನ್ನೆಲ್ಲಿಗೋ. ಅವರಿಂದಲೇ ರೋಗ ಬಂತು ಅನ್ನುವ ಪಿಸುಮಾತೂ ಕೇಳಿದ್ದೇನೆ, ಶುದ್ಧ ಅವಿವೇಕ. ಅವರು ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗಬೇಕು, ಅಷ್ಟೇ ಕಷ್ಟ. ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಗೊತ್ತಾದರೆ ಕೆಲಸ ಹೋದೀತೆಂಬ ಹೆದರಿಕೆ ಬೇರೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ ಅಂತ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತ, ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಇದ್ದರೆ ಲೈಂಗಿಕ ಸಂಗಾತಿಗೆ ಹರಡುವುದಿಲ್ಲ. ಇದನ್ನೆಲ್ಲ ಲೈನ್ ಮನೆಯಲ್ಲಿ ಯಾರು ಹೇಳಿದ್ದಾರೆ?

ನನ್ನ ಕೇಳಿಕೆ ಇಷ್ಟೇ. ಪರೀಕ್ಷೆಯ ಗಾಡಿ ಬಟವಾಡೆ ದಿನ, ಸಂತೆ ದಿನ ತೋಟದ ಕಡೆ ಬರಲಿ. ಎಚ್‌ಐವಿ ಒಂದನ್ನೇ ಬರೆದು ನಿಲ್ಲಿಸಬೇಡಿ, ಬಿಪಿ, ಶುಗರ್, ಕ್ಷಯ ಎಲ್ಲವನ್ನೂ ಒಟ್ಟಿಗೆ ನೋಡಿ, ಯಾರು ಯಾತಕ್ಕೆ ಹತ್ತಿದರು ಅಂತ ಯಾರಿಗೂ ತಿಳಿಯದು. ಜಾಥಾದ ಕರಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಅಸ್ಸಾಮಿನ ಹುಡುಗ ಅದನ್ನು ಏನು ಮಾಡಬೇಕು? ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಕಾಸಿಲ್ಲ, ಬೇರೆ ಬೇರೆ ಭಾಷೆಯಲ್ಲಿ ಮಾತಾಡುತ್ತಾರೆ. ಆ ನಂಬರನ್ನು ಲೈನ್ ಮನೆಯ ಗೋಡೆಗೆ ಬರೆಸಲು ಒಂದು ಡಬ್ಬಿ ಪೇಂಟ್ ಸಾಕು, ತೋಟದ ಮಾಲೀಕರೇ.