ಥರ್ಮಲ್ ಸ್ಕೋಪ್, ಚಿರತೆ ಮತ್ತು ಒಂದು ತಪ್ಪು ಸಂದೇಶ

ಮುಂಬೈನ ಮುಲುಂಡ್, ಗೋರೆಗಾಂವ್ ಕಡೆಯ ನಮ್ಮ ಕನ್ನಡ ಗ್ರೂಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಥರ್ಮಲ್ ಸ್ಕೋಪ್ ತಗೊಳ್ಳಿ, ಮುಚ್ಚಿದ ಕಿಟಕಿಯಿಂದಲೇ ಕತ್ತಲಲ್ಲಿ ಚಿರತೆ ಕಾಣುತ್ತದೆ. ಸೊಸೈಟಿಯೊಳಗೆ ಬಂದರೆ ಹೊಡೆಯಲು ಕಾನೂನೇ ಬಿಟ್ಟಿದೆ.' ಜೊತೆಗೊಂದು ವಿಡಿಯೊ. ಥರ್ಮಲ್ ಸ್ಕೋಪ್ ಅಂದರೆ ಶಾಖವನ್ನು ಚಿತ್ರವಾಗಿ ತೋರಿಸುವ, ಬಂದೂಕಿಗೆ ಕೂರಿಸುವ ದುರ್ಬೀನು. ಸಂದೇಶದ ಎರಡೂ ಮಾತು ತಪ್ಪು.

ಮೊದಲು ಕಿಟಕಿ. ಥರ್ಮಲ್ ನೋಡುವುದು ಮೈಶಾಖವನ್ನು. ಆ ಶಾಖ ಗಾಜು ದಾಟುವುದಿಲ್ಲ. ಗೆಳೆಯರೊಬ್ಬರ ಥರ್ಮಲ್ ಕ್ಯಾಮೆರಾವನ್ನು ನಮ್ಮ ಮನೆಯ ಗಾಜಿಗೆ ಹಿಡಿದೆ. ಕಂಡದ್ದು ನನ್ನದೇ ಮುಖದ ಮಸುಕು ಬಿಂಬ. ಗಾಜು ಸರಿಸಿದ ಮೇಲೆ ಕೆಳಗೆ ಒಂದು ಬಿಳಿ ಮುದ್ದೆ ಹೊಳೆಯಿತು. ಅದು ನಾಯಿ ಅಂತ ಗೊತ್ತಾಗಿದ್ದು ಎದ್ದು ಬಾಲ ಅಲ್ಲಾಡಿಸಿದಾಗ. ಅಲ್ಲಿ ಮಗು ಕೂತಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನೈಟ್ ವಿಷನ್ ಬೇರೆ ಸಾಮಾನು. ಇರುವ ಚೂರುಪಾರು ಬೆಳಕನ್ನೇ ಅದು ಹೆಚ್ಚಿಸುತ್ತದೆ. ಪೂರ್ತಿ ಕತ್ತಲಾದರೆ ಕಣ್ಣಿಗೆ ಬಹುತೇಕ ಕಾಣದ ಇನ್‌ಫ್ರಾರೆಡ್ ಬೆಳಕಿನ ದೀಪ ಬೇಕು.

ಇನ್ನು ಕಾನೂನು. ವಿಡಿಯೊದಲ್ಲಿರುವುದು ಚಿರತೆಯಲ್ಲ, ಅಮೆರಿಕದ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಅದನ್ನು ರಾತ್ರಿ ಬೇಟೆಯಾಡಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲೇ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲೇ, ಚಿರತೆ ಇದೆ. ಕೊಂದರೆ 3ರಿಂದ 7 ವರ್ಷ ಜೈಲು. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ವಿನಾಯಿತಿ ಇದೆ ನಿಜ. ಸ್ಕೋಪ್ ಹಿಡಿದು ಕಾದು ಕೂತು ಹೊಡೆಯುವುದು ಅದರಲ್ಲಿ ಬರುವುದಿಲ್ಲ ಅಲ್ವಾ?

ಚಿರತೆ ಕಂಡರೆ ಮಕ್ಕಳನ್ನು ಒಳಗೆ ಕರೆಯಿರಿ. ಗುಂಪು ಕಟ್ಟಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.