ಏಕಾಂತವಲ್ಲ, ಸಂಬಳದ ಕೆಲಸ
ಲೇಖನ ಇಷ್ಟವಾಯ್ತು. ಆದರೆ ಅಮೆರಿಕದ ಕವಿ ಗ್ಯಾರಿ ಸ್ನೈಡರ್ ಬೇಸಿಗೆಯಲ್ಲಿ ಏಕಾಂತ ಹುಡುಕಿಕೊಂಡು ಬೆಟ್ಟ ಹತ್ತಿದರು ಅಂತಷ್ಟೇ ಬರೆದಿದ್ದೀರಿ. ಅದು ಹೊಟ್ಟೆಪಾಡಿನ ಕೆಲಸವೂ ಆಗಿತ್ತು ಸ್ವಾಮಿ, ಕಾಡ್ಗಿಚ್ಚಿನ ಕಾವಲು! 1952ರಲ್ಲಿ ಕ್ರೇಟರ್ ಮೌಂಟನ್, 1953ರಲ್ಲಿ ಸೋರ್‌ಡೋ ಮೌಂಟನ್. ಎರಡೂ ವಾಷಿಂಗ್ಟನ್ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಯ ಹತ್ತಿರ. ಕಾಡಲ್ಲಿ ಎಲ್ಲಾದರೂ ಹೊಗೆ ಎದ್ದರೆ ದಿಕ್ಕು ಗುರುತಿಸಿ ರೇಡಿಯೋದಲ್ಲಿ ತಿಳಿಸಬೇಕು. 1954ರಲ್ಲಿ ರಾಜಕೀಯ ಅನುಮಾನದಿಂದ ಆ ಕೆಲಸಕ್ಕೂ ಕುತ್ತು ಬಂತು. ಮರುವರ್ಷ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಿನಲ್ಲಿ ದಾರಿ ರಿಪೇರಿ: ಜಾರುಬಂಡೆಯ ಮೇಲೆ ಕುದುರೆಗಳ ಕಾಲು ನಿಲ್ಲಲೆಂದು ಒಂದೊಂದೇ ಕಲ್ಲು ಕೂರಿಸುವುದು. ಅವರ ಆ ಕಾಲದ ಪದ್ಯಗಳಲ್ಲಿ ಒಂದು ಪದ ಅಲುಗಾಡಿಸಲಾಗದು. ಅದಕ್ಕೆ ಕಾರಣ ಯಾವುದೆಂದರೆ, ಅವರ ಧ್ಯಾನಕ್ಕಿಂತ ಈ ಕಲ್ಲುಗೆಲಸಕ್ಕೇ ನನ್ನ ಓಟು. (ಜೆನ್ ಎಂಬ ಬೌದ್ಧ ಧ್ಯಾನಮಾರ್ಗದ ಅಭಿಮಾನಿಗಳು ಜಗಳಕ್ಕೆ ಬರಬೇಡಿ!)