ಓಕುಳಿ ತಟ್ಟೆಯ ಕೆಂಪು

ಮದುವೆ ಮನೆಯಲ್ಲಿ ಬೇಕಾದ ಗಳಿಗೆಗೆ ಸರಿಯಾಗಿ ಕೈಗೆ ಸಿಗದೆ ಹೋಗುವ ಎರಡು ವಸ್ತುಗಳೆಂದರೆ ಬೆಂಕಿಪೊಟ್ಟಣ ಮತ್ತು ಸುಣ್ಣದ ಡಬ್ಬಿ. ಹೆಣ್ಣು-ಗಂಡು ಹೊಸ್ತಿಲ ಹೊರಗೆ ನಿಂತಿದ್ದಾರೆ, ತಟ್ಟೆಯಲ್ಲಿ ಅರಿಶಿನದ ನೀರು ಸಿದ್ಧವಾಗಿದೆ, ಫೋಟೋದವನು ಅವಸರ ಮಾಡುತ್ತಿದ್ದಾನೆ. ಸುಣ್ಣ ಮಾತ್ರ ಇಲ್ಲ. ಕೊನೆಗೆ ಎಲೆಅಡಿಕೆ ಹಾಕುವ ಯಾವುದೋ ಅಜ್ಜಿಯ ಸಂಚಿಯಿಂದ ಅದು ಹೊರಬರುತ್ತದೆ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಕದಡಿದರೆ ಸಾಕು, ಹಳದಿ ನೀರು ನೋಡನೋಡುತ್ತಲೇ ಕೆಂಪಾಗುತ್ತದೆ. ದೊಡ್ಡವರಿಗೆ ಇದು ನೂರು ಸಲ ಕಂಡ ಸಂಗತಿ. ತಟ್ಟೆಯ ಸುತ್ತ ನೆರೆದ ಮಕ್ಕಳು ಮಾತ್ರ ಆ ಒಂದು ಗಳಿಗೆ ಕೈಯಲ್ಲಿರುವ ಫೋನನ್ನೂ ಮರೆತುಬಿಡುತ್ತಾರೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಗಾದೆಯಲ್ಲಿ ಬೈಸಿಕೊಳ್ಳುವ ಸುಣ್ಣಕ್ಕೆ ಮರ್ಯಾದೆ ಸಿಗುವುದು ತಾಂಬೂಲದಲ್ಲಿ ಮತ್ತು ಈ ತಟ್ಟೆಯಲ್ಲಿ. ಎರಡೂ ಕಡೆ ಅದರ ಕೆಲಸ ಒಂದೇ, ಬೇರೆ ಬಣ್ಣದ್ದನ್ನು ಕೆಂಪು ಮಾಡುವುದು.

ಓಕುಳಿ ಮಾಡುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಅಗಲವಾದ ತಟ್ಟೆಗೆ ಎರಡು ಲೋಟ ನೀರು, ಅರ್ಧ ಟೀ ಚಮಚ ಅರಿಶಿನ ಪುಡಿ, ಕಡಲೆಕಾಳಿನಷ್ಟು ಒದ್ದೆ ಸುಣ್ಣ. ಸುಣ್ಣವನ್ನು ನೇರವಾಗಿ ತಟ್ಟೆಗೆ ಹಾಕಿದರೆ ಅದು ಗಂಟು ಕಟ್ಟಿ, ಕೆಂಪು ನೀರಿನ ತಳದಲ್ಲಿ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಚಿಕ್ಕ ಬಟ್ಟಲಲ್ಲಿ ನಾಲ್ಕು ಚಮಚ ನೀರಿಗೆ ಕದಡಿ, ಎರಡು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಮೊದಲು ಕಿತ್ತಳೆ ಬರುತ್ತದೆ, ಆಮೇಲೆ ಇಟ್ಟಿಗೆ ಬಣ್ಣ, ಆಮೇಲೆ ಗಾಢ ಕೆಂಪು. ಅಲ್ಲಿಗೆ ನಿಲ್ಲಿಸಬೇಕು. ಇನ್ನಷ್ಟು ಸುಣ್ಣ ಸುರಿದರೆ ಇನ್ನಷ್ಟು ಕೆಂಪಾಗುತ್ತದೆ ಎಂಬುದು ಉತ್ಸಾಹಿಗಳ ನಂಬಿಕೆ. ಹಾಗೇನೂ ಆಗುವುದಿಲ್ಲ, ನೀರು ಬಗ್ಗಡವಾಗುತ್ತದೆ, ಹಣೆಗಿಟ್ಟ ಬೊಟ್ಟು ಒಣಗಿದಾಗ ಅಂಚಿನಲ್ಲಿ ಬೆಳ್ಳಗೆ ಪುಡಿ ಏಳುತ್ತದೆ.

ಹಳೆಯ ಸುಣ್ಣ ಇನ್ನೊಂದು ತೊಂದರೆ. ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಒಣಗಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣದಕಲ್ಲಿನ ಪುಡಿಯಾಗಿಬಿಟ್ಟಿರುತ್ತದೆ. ನೋಟಕ್ಕೆ ಸುಣ್ಣವೇ, ಒಳಗೆ ಕ್ಷಾರವಿಲ್ಲ. ಎಷ್ಟು ಹಾಕಿದರೂ ಅರಿಶಿನ ಕದಲುವುದಿಲ್ಲ. ಅಡುಗೆ ಸೋಡಾ ಹಾಕಿ ನೋಡುವವರಿದ್ದಾರೆ. ಅದರ ಕ್ಷಾರ ತೀರಾ ಸೌಮ್ಯ, ಮಂಕು ಕಿತ್ತಳೆಗಿಂತ ಮುಂದೆ ಹೋಗದು. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಉಪ್ಪಿನಕಾಯಿಗೆಂದು ಮಾರುವ ‘ಪಿಕ್ಲಿಂಗ್ ಲೈಮ್’ ಪುಡಿ ಸಾಕು, ಅದು ನಮ್ಮ ತಿನ್ನುವ ಸುಣ್ಣವೇ. ಅದನ್ನು ಕದಡುವಾಗಲೂ ಕಣ್ಣಿನ ಬಗ್ಗೆ ಜೋಪಾನ.

ಓಕುಳಿಯನ್ನು ಬೆಳಗ್ಗೆಯೇ ಕದಡಿ ಮುಚ್ಚಿಡುವ ಮುಂಜಾಗ್ರತೆಯೂ ಬೇಡ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಗಡ್ಡೆಯಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಇರುತ್ತದೆ. ಬರಿ ನೀರಿನಲ್ಲಿ ಅದು ಕರಗುವುದೇ ಇಲ್ಲ, ಅದಕ್ಕೇ ಅರಿಶಿನದ ನೀರು ತುಸು ಹೊತ್ತು ಬಿಟ್ಟರೆ ಪುಡಿ ತಳ ಸೇರುತ್ತದೆ. ಸುಣ್ಣ ಬಿದ್ದೊಡನೆ ಕರಗುತ್ತದೆ, ಕರಗಿದಂತೆಯೇ ಒಡೆಯಲೂ ಶುರುವಾಗುತ್ತದೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಕೆಂಪು ಹೋಗಿ ಕಷಾಯದ ಬಣ್ಣ ಉಳಿಯುತ್ತದೆ. ಹೊಸಿಲಿಗೆ ಜನ ಬಂದ ಮೇಲೆಯೇ ಸುಣ್ಣ ಕದಡುವ ಹಿರಿಯರ ರೂಢಿಯಲ್ಲಿ ಲೆಕ್ಕಾಚಾರವಿತ್ತು.

ಇಷ್ಟಕ್ಕೂ ಆ ತಟ್ಟೆಯಲ್ಲಿ ಆಗುವುದೇನು? ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಅಲೆಗಳದು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನೇರಳೆ ಒಂದು ತುದಿ, ಕೆಂಪು ಇನ್ನೊಂದು ತುದಿ. ಅರಿಶಿನ ತಿನ್ನುವುದು 425ರ ಆಸುಪಾಸಿನ ನೇರಳೆ ಮತ್ತು ನೀಲಿಯನ್ನು. ತಿಂದು ಮಿಕ್ಕಿದ ಹಸಿರು, ಹಳದಿ, ಕೆಂಪು ಒಟ್ಟಾಗಿ ಕಣ್ಣಿಗೆ ಹಳದಿಯಾಗಿ ಕಾಣುತ್ತವೆ. ಸುಣ್ಣ ಸೇರಿದಾಗ ಅರಿಶಿನದ ಹಸಿವು ನೀಲಿಯಿಂದ ಹಸಿರಿನ ಕಡೆಗೆ ಜರುಗುತ್ತದೆ. ನೀಲಿಯ ಜೊತೆಗೆ ಹಸಿರೂ ಹೋದರೆ ತಟ್ಟೆಯಲ್ಲಿ ಉಳಿಯುವುದು ಕಿತ್ತಳೆ ಮತ್ತು ಕೆಂಪು ಅಷ್ಟೇ. ಸುಣ್ಣ ಕೆಂಪನ್ನು ತಂದು ಸುರಿಯಲಿಲ್ಲ. ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಹಾಗೆ ನೋಡಿದರೆ ಹಳದಿಯೇ ಒಂದಲ್ಲ. ಬೀದಿಯ ಹಳೆಯ ಸೋಡಿಯಂ ದೀಪದ ಹಳದಿ 589ರ ಸುತ್ತ ಒಟ್ಟುಗೂಡಿದ ಬೆಳಕು. ಅರಿಶಿನದ್ದು ಅರ್ಧ ಕಾಮನಬಿಲ್ಲೇ ಕೂಡಿದ ಹಳದಿ. ಮದುವೆಯನ್ನು ದೂರದೂರಿನಿಂದ ಫೋನಿನಲ್ಲಿ ನೋಡುವವರಿಗೆ ಕಾಣುವುದು ಮೂರನೆಯ ಹಳದಿ. ಆ ಪರದೆಯಲ್ಲಿ ಹಳದಿ ಎಂಬುದೇ ಇಲ್ಲ, ಕೆಂಪು ಮತ್ತು ಹಸಿರಿನ ಚುಕ್ಕೆಗಳು ಒತ್ತೊತ್ತಾಗಿ ಉರಿಯುತ್ತವೆ. ಮೂರನ್ನೂ ಕಣ್ಣು ಒಂದೇ ಹೆಸರಿನಿಂದ ಕರೆಯುತ್ತದೆ.

ಸೀರೆ ಅಂಗಡಿಯ ಹಳೆಯ ಜಗಳಕ್ಕೆ ಮೂಲ ಇದೇ. ಒಳಗಿನ ದೀಪದಲ್ಲಿ ಸೀರೆ, ರವಿಕೆ ಬಟ್ಟೆ ಎರಡೂ ಅಕ್ಕತಂಗಿಯರಂತೆ ಹೊಂದುತ್ತವೆ. ಮನೆಯಂಗಳದಲ್ಲಿ ಬಿಚ್ಚಿದರೆ ಒಂದಕ್ಕೊಂದು ಪರಿಚಯವೇ ಇಲ್ಲ. ರೇಷ್ಮೆಯ ಬಣ್ಣ ಬೇರೆ, ಹತ್ತಿಯ ಬಣ್ಣ ಬೇರೆ; ಒಂದು ದೀಪದ ಕೆಳಗೆ ಅವು ಉಳಿಸಿಕೊಡುವ ಬೆಳಕು ಒಂದೇ ಥರ ಕಂಡರೂ ಇನ್ನೊಂದರ ಕೆಳಗೆ ಕಾಣಬೇಕೆಂದಿಲ್ಲ. ಕಡಿಮೆ ಬೆಲೆಯ ಎಲ್‌ಇಡಿಯಲ್ಲಿ ಗಾಢ ಕೆಂಪಿನ ಪಾಲು ಕಡಿಮೆ, ಕುಂಕುಮ ಬಣ್ಣದ ಸೀರೆ ಅಲ್ಲಿ ಸಪ್ಪೆ. ಬಟ್ಟೆಯನ್ನು ಬಾಗಿಲ ಹತ್ತಿರ ಒಯ್ದು ಹಗಲ ಬೆಳಕಿಗೆ ಹಿಡಿಯುವ ಹೆಂಗಸರನ್ನು ಕಂಡು ಗೊಣಗುವ ಅಂಗಡಿಯವರು ಅವರಿಂದ ಕಲಿಯುವುದಿದೆ.

ಇನ್ನು ಕುಂಕುಮದ ವಿಚಾರ. ಇಲ್ಲೊಂದು ತಕರಾರಿದೆ. ಓಕುಳಿ ನೀರಿಗೆ ನಿಂಬೆರಸ ಹಿಂಡಿದರೆ ಕೆಂಪು ಓಡಿಹೋಗಿ ಮತ್ತೆ ಹಳದಿ ಬರುತ್ತದೆ. ಕುಂಕುಮ ಮಾಡುವುದೂ ಅದೇ ಅರಿಶಿನದಿಂದ, ಆದರೆ ನಿಂಬೆರಸದಲ್ಲಿ ನೆನೆಸಿ! ಹುಳಿಯಲ್ಲಿ ಬಿದ್ದ ಅರಿಶಿನ ಕೆಂಪಾಗುವುದು ಹೇಗೆ? ಉತ್ತರ ನಿಂಬೆರಸದ ಜೊತೆಗೆ ಸೇರಿಸುವ ಬಿಳಿಗಾರದಲ್ಲಿದೆ, ಅಂದರೆ ಬೋರಾಕ್ಸ್‌ನಲ್ಲಿ. ಅದರಲ್ಲಿರುವ ಬೋರಾನ್ ಹುಳಿಯ ಜೊತೆಯಲ್ಲಿ ಕರ್ಕ್ಯುಮಿನ್ನಿಗೆ ಅಂಟಿಕೊಂಡು ಬೇರೆಯದೇ ಕೆಂಪು ಬಣ್ಣವಾಗುತ್ತದೆ. ರಸಾಯನ ಪ್ರಯೋಗಾಲಯಗಳಲ್ಲಿ ಬೋರಾನ್ ಪತ್ತೆಗೆ ಅರಿಶಿನ ಹಚ್ಚಿದ ಕಾಗದ ಬಳಸುವುದು ಇದೇ ಗುಣಕ್ಕಾಗಿ. ಓಕುಳಿಯ ಕೆಂಪು ಗಂಟೆ ಹೊತ್ತಿನದು. ಕುಂಕುಮದ್ದು ಭರಣಿಯಲ್ಲಿ ವರ್ಷ ಕಳೆಯುವಂಥದು.

ಮನೆಯಲ್ಲಿ ಮಾಡುವವರು ಒಣ ಅರಿಶಿನದ ಗಡ್ಡೆಯನ್ನು ಕಡಲೆ ಗಾತ್ರಕ್ಕೆ ಕುಟ್ಟಿಕೊಳ್ಳುತ್ತಾರೆ. ಒಂದು ಕೆ.ಜಿ.ಗೆ 100 ಗ್ರಾಂನಷ್ಟು ಬಿಳಿಗಾರ, ಅದಕ್ಕಿಂತ ಕಡಿಮೆ ಪಟಿಕಾರ, ಚೂರುಗಳೆಲ್ಲ ಚೆನ್ನಾಗಿ ತೊಯ್ಯುವಷ್ಟು ನಿಂಬೆರಸ. ಅಳತೆ ಮನೆಯಿಂದ ಮನೆಗೆ ತುಸು ಬೇರೆ. ಪಿಂಗಾಣಿ ಅಥವಾ ಗಾಜಿನ ಪಾತ್ರೆ ಒಳ್ಳೆಯದು. ಕಬ್ಬಿಣ ತಾಗಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ದಿನಕ್ಕೆ ಎರಡು ಸಲ ಮಗುಚುತ್ತ, ರಸವೆಲ್ಲ ಹೀರಿದ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಬೇಗ ಒಣಗಲಿ ಎಂದು ಬಿಸಿಲಿಗೆ ಹರವಿದರೆ ಬಣ್ಣವನ್ನು ಬಿಸಿಲು ಕುಡಿಯುತ್ತದೆ. ಕುಟ್ಟುವ ಮೊದಲು ಒಂದು ಚೂರು ಒಡೆದು ನೋಡಬೇಕು. ನಡುವೆ ಹಳದಿ ಉಳಿದಿದ್ದರೆ ರಸ ಒಳಗಿಳಿದಿಲ್ಲ, ಪುಡಿ ಕಿತ್ತಳೆಯಾಗುತ್ತದೆ. ಚೆನ್ನಾಗಿ ಕೆಂಪಾದದ್ದನ್ನು ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಹಣೆಗೆ ಕಚ್ಚಿಕೊಳ್ಳಲೆಂದು ಒಂದೆರಡು ಹನಿ ತುಪ್ಪ ತಿಕ್ಕುತ್ತಾರೆ. ಬಿಳಿಗಾರ ಹೊಟ್ಟೆಗೆ ಹೋಗಬಾರದ್ದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಹೀಗೆ ತಯಾರಾದ ಕುಂಕುಮ ಕೃತಕ ಬಣ್ಣ ಬೆರೆಸಿದ ಅಂಗಡಿಯ ಡಬ್ಬಿ ಕುಂಕುಮದಷ್ಟು ಝಗಝಗಿಸುವುದಿಲ್ಲ. ಓಕುಳಿಯೂ ಅಷ್ಟೇ. ಎರಡರಲ್ಲೂ ಮಣ್ಣಿನ ಛಾಯೆ ಇದೆ. ಅದನ್ನು ಕಂಡು “ಸರಿಯಾಗಿ ಕೆಂಪಾಗಿಲ್ಲ” ಎಂದು ಡಬ್ಬಿ ಕುಂಕುಮ ಸುರಿಯುವವರ ಬಗ್ಗೆ ನಮ್ಮದೊಂದು ಆಕ್ಷೇಪವಿದೆ. ಯಾವ ಕೆಂಪನ್ನು ಅವರು ಸರಿ ಎನ್ನುತ್ತಾರೆ? ಕನ್ನಡದ ಕೆಂಪು ಬಣ್ಣದ ಪೆಟ್ಟಿಗೆಯ ಕೆಂಪಲ್ಲ. ಈರುಳ್ಳಿ ಕೆಂಪಗಾಗುವವರೆಗೆ ಹುರಿಯಿರಿ ಎಂದರೆ ಯಾರೂ ರಕ್ತದ ಬಣ್ಣಕ್ಕೆ ಕಾಯುವುದಿಲ್ಲ. ಹಾಲು ಕೆಂಪಗೆ ಕಾಯುತ್ತದೆ, ಕೆಮ್ಮಣ್ಣು ಕಾಲಿಗೆ ಹತ್ತುತ್ತದೆ, ಕೆಂಬೂತದ ರೆಕ್ಕೆ ಕಂದು, ಬೇಯಿಸಿ ಒಣಗಿಸಿದ ಕೆಂಪಡಿಕೆ ಕಂದಿಗೂ ಕೆಂಪಿಗೂ ನಡುವಿನದು. ಹೆಣ್ಣು ನೋಡಿ ಬಂದವರು “ಹುಡುಗಿ ಕೆಂಪಗಿದ್ದಾಳೆ” ಎಂದರೆ ಅದು ಇನ್ನೊಂದೇ ಬಣ್ಣ. ಹೊನ್ನಗಂದಿನಿಂದ ನೆತ್ತರಿನವರೆಗೆ ಹಬ್ಬಿದ ಈ ಅಗಲ ಹರಹಿನಲ್ಲಿ ಓಕುಳಿಯ ಇಟ್ಟಿಗೆಗೆಂಪು ನಡುಮಧ್ಯೆ ಹಾಯಾಗಿ ಕೂರುತ್ತದೆ.

ಕಾಮನಬಿಲ್ಲಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಇಟ್ಟಿಗೆಗೆಂಪಿನಲ್ಲಿ ಬೆರೆತಿರುವ ಕಂದು ಎಂದರೆ ಮಬ್ಬಾದ ಕಿತ್ತಳೆ. ಪಕ್ಕದಲ್ಲಿ ಹೆಚ್ಚು ಬೆಳಕಿನದೊಂದು ಇದ್ದಾಗಲಷ್ಟೇ ಕಾಣುವ ಬಣ್ಣ. ಕಾಮನಬಿಲ್ಲಿನ ಏಳು ಎಂಬ ಎಣಿಕೆಯಾದರೂ ಎಷ್ಟು ಗಟ್ಟಿ? ಅಲ್ಲಿ ಗೆರೆ ಕೊಯ್ದು ಇಟ್ಟಿಲ್ಲ, ನ್ಯೂಟನ್ ಸಂಗೀತದ ಸ್ವರಗಳಿಗೆ ಹೊಂದಲೆಂದು ಏಳು ಮಾಡಿದ. ಅವನ ಏಳನ್ನು ತುಂಬಿಸಲು ನಮ್ಮ ಶಾಲೆಯ ಪುಸ್ತಕ ನೇರಳೆಗೂ ನೀಲಿಗೂ ನಡುವೆ ‘ಊದಾ’ ತಂದು ಕೂರಿಸಿತು. ಅದೇ ಊದಾ ಸೀರೆ ಅಂಗಡಿಯಲ್ಲಿ ನೇರಳೆಗೇ ಇನ್ನೊಂದು ಹೆಸರು.

ಓಕುಳಿಯ ಅರ್ಥ ಹುಡುಕುವವರು ಕರಾವಳಿಯ ಕಡೆ ಒಮ್ಮೆ ಕಿವಿಗೊಡಬೇಕು. ಅಲ್ಲಿ ಈ ನೀರಿಗೆ ‘ಕುರ್ದಿ’ ಎನ್ನುತ್ತಾರೆ. ತಮಿಳಿನಲ್ಲಿ ಕುರುದಿ ಎಂದರೆ ನೆತ್ತರು. ಕೇರಳದ ಚೋಟ್ಟಾಣಿಕ್ಕರದಂಥ ಭಗವತಿ ಗುಡಿಗಳಲ್ಲಿ ನಡೆಯುವ ‘ಗುರುತಿ’ ಸೇವೆಯಲ್ಲಿ ಬಲಿಯ ರಕ್ತದ ಬದಲಿಗೆ ಪಾತ್ರೆಗಟ್ಟಲೆ ಬಳಕೆಯಾಗುವುದು ಇದೇ ಅರಿಶಿನ ಸುಣ್ಣದ ನೀರು. ಹೊಸ ಮದುಮಕ್ಕಳಿಗೆ, ತವರಿನಿಂದ ಮಗು ಎತ್ತಿಕೊಂಡು ಬಂದ ಬಾಣಂತಿಗೆ ನಿವಾಳಿಸಿ, ಯಾರೂ ತುಳಿಯದ ಕಡೆ ಚೆಲ್ಲುವ ಎರಡು ಲೋಟ ಕೆಂಪು ನೀರಿಗೆ ಇಂಥದೊಂದು ಬಂಧುತ್ವವಿದೆ. ಹಳದಿಯಲ್ಲಿ ಶುಭ, ಕೆಂಪಿನಲ್ಲಿ ಶುಭದ ಜೊತೆಗೆ ತುಸು ಭಯವೂ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಜನ ಅದನ್ನು ಅರಿಶಿನ ಕುಂಕುಮ ಎಂದೇ ಓದಿಕೊಂಡರು. ಹಾಗೆ ಓದಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆರತಿಗೆ ಎಣ್ಣೆದೀಪವೇ ಆಗಬೇಕು ಎಂಬುದಕ್ಕೆ ಶಾಸ್ತ್ರದ ಕಾರಣ ಏನೇ ಇರಲಿ, ಬಣ್ಣದ ಕಾರಣವೊಂದಿದೆ. ಮುಸ್ಸಂಜೆಯಲ್ಲಿ ಬೆಳಕು ಕುಗ್ಗಿದಂತೆ ಕಣ್ಣಿನ ಚುರುಕು ಹಸಿರು-ನೀಲಿಯ ಕಡೆ ಸರಿಯುತ್ತದೆ, ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಚೆಕ್ ವಿಜ್ಞಾನಿ ಪುರ್ಕಿಂಜೆ ಹೂಗಳನ್ನು ನೋಡುತ್ತ ಗುರುತಿಸಿದ್ದು ಇದನ್ನೇ. ದಾಸವಾಳದ ಗಿಡವಿರುವ ಅಂಗಳದಲ್ಲಿ ಯಾರು ಬೇಕಾದರೂ ನೋಡಬಹುದು. ಆ ಹೊತ್ತಿಗೆ ಓಕುಳಿ ತಟ್ಟೆ ಬರಿ ಮಸಿನೀರು. ಎರಡು ಬತ್ತಿ ಹಚ್ಚಿಟ್ಟರೆ ಜೀವ ಬರುತ್ತದೆ. ಎಣ್ಣೆಬತ್ತಿಯ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ, ಕೆಂಪು ಧಾರಾಳ. ಅದೇ ಬೆಳಕಿನಲ್ಲಿ ಅರಿಶಿನಕ್ಕೆ ತಿನ್ನಲು ನೀಲಿಯೇ ಸಿಗದೆ, ಹಳದಿಗೂ ಬಿಳಿಗೂ ವ್ಯತ್ಯಾಸ ಅಷ್ಟಾಗಿ ಕಾಣದು.

ಆರತಿ ಎತ್ತುವಾಗ ನಾಲ್ಕು ಹನಿ ಮದುಮಗನ ಬಿಳಿ ಪಂಚೆಯ ಮೇಲೆ ಬಿದ್ದೇ ಬೀಳುತ್ತವೆ. ಒಣಗಿದ ಮೇಲೆ ಅದು ಹಳದಿಗೆ ತಿರುಗಿದ ಕಲೆ. ಸೋಪು ಹಚ್ಚಿದ ಕೂಡಲೇ ಮತ್ತೆ ಕೆಂಪಾಗಿ, ಒಗೆಯುವವರ ಎದೆ ಧಸಕ್ಕೆನ್ನುತ್ತದೆ. ಹೆದರಬೇಕಾಗಿಲ್ಲ, ಸೋಪಿನ ಕ್ಷಾರಕ್ಕೆ ಬಕೆಟ್ಟಿನಲ್ಲಿ ಇನ್ನೊಂದು ಓಕುಳಿ ಆಗಿದೆ ಅಷ್ಟೇ. ಬ್ರಷ್ಷು ಹಿಡಿದು ಉಜ್ಜಬಾರದು. ಚೆನ್ನಾಗಿ ಜಾಲಿಸಿ, ಬೇಕಾದರೆ ಕೊನೆಯ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಒದ್ದೆಯಿರುವಾಗಲೇ ಕಲೆಯ ಭಾಗ ಮೇಲೆ ಬರುವಂತೆ ನೆತ್ತಿಯ ಬಿಸಿಲಿಗೆ ಹರವಬೇಕು. ನೆರಳಿನ ತಂತಿಯಲ್ಲಿ ವಾರ ತೂಗಿದರೂ ಆಗದ ಕೆಲಸ ಬಿಸಿಲಿನಲ್ಲಿ ಒಂದೆರಡು ಮಧ್ಯಾಹ್ನಕ್ಕೆ ಆಗುತ್ತದೆ. ಪಂಚೆ ಬೆಳ್ಳಗಾದರೆ ತಟ್ಟೆಯಲ್ಲಿದ್ದದ್ದು ಅರಿಶಿನ. ಗುಲಾಬಿ ಚುಕ್ಕೆಗಳು ಹಾಗೇ ನಿಂತಿದ್ದರೆ, ಆ ದಿನ ಅಜ್ಜಿಯ ಸಂಚಿ ಸಿಗದೆ ಯಾರೋ ಡಬ್ಬಿ ಕುಂಕುಮ ಕದಡಿದ್ದಾರೆ.